ಹೊನ್ನಾವರ ನೋಡೋದು ಹೇಗೆ: ರೋಡ್ ಬಿಡಿ, ನದಿ ಹಿಡೀರಿ

ನಮ್ಮಮ್ಮನ ತವರು ಹೊನ್ನಾವರ ತಾಲೂಕು, ಹಂಗಾಗಿ ಫ್ರೆಂಡ್ಸಿಗೆಲ್ಲ ನಾನೇ ಪರ್ಮನೆಂಟ್ ಗೈಡು. ಮುರ್ಡೇಶ್ವರಕ್ಕೋ ಗೋಕರ್ಣಕ್ಕೋ ಹೊರಟೋರು ಹಿಂದಿನ ರಾತ್ರಿ ಹತ್ತು ಗಂಟೆಗೆ ಮೆಸೇಜ್ ಹಾಕ್ತಾರೆ, "ದಾರೀಲಿ ಹೊನ್ನಾವರ ಸಿಗುತ್ತಲ್ಲ ಮಾರಾಯಾ, ಏನಿದೆ ಅಲ್ಲಿ?" ಅಂತ. ಬೋಟಿಂಗ್ ಇದೆ ಹೋಗ್ರಪ್ಪ ಅಂತ ಹೇಳಿ ಹೇಳಿ ಸಾಕಾಯ್ತು. ಅವ್ರು ಬರ್ತಾರೆ, ಅರ್ಧ ಗಂಟೆ ಬೋಟಲ್ಲಿ ಕೂತು ಸೆಲ್ಫಿ ತಗೊಂಡು ಹೋಗ್ತಾರೆ, ಆಮೇಲೆ "ಚೆನ್ನಾಗಿತ್ತು, ಆದ್ರೆ ಊರಲ್ಲಿ ಅಂಥದ್ದೇನಿಲ್ಲ ಅಲ್ವಾ" ಅಂತಾರೆ. ಊರಲ್ಲಿ ಏನಿದೆ ಅಂತ ಈ ಸಲ ಒಂದ್ಸಾರಿ ಪೂರ್ತಿ ಬರೆದುಬಿಡ್ತೀನಿ, ಇನ್ಮೇಲೆ ಯಾರು ಕೇಳಿದ್ರೂ ಇದನ್ನೇ ಫಾರ್ವರ್ಡ್ ಮಾಡೋದು. ಎರಡು ದಿನ ಬೇಕು. ಒಂದೇ ದಿನ ಇದ್ರೆ ನದಿ ಮೇಲಿನ ಹಳೇ ರಾಜಧಾನಿ ಗೇರುಸೊಪ್ಪ ಬಿಡಬೇಡಿ, ಬೀಚ್ ಬಿಡಿ.

ಮೊದಲನೇ ಕೆಲಸ, ಹೈವೇ ಮರೀರಿ. ಹೊನ್ನಾವರ ಅಂದ್ರೆ ಉತ್ತರ ಕನ್ನಡ ಜಿಲ್ಲೆಯ ಒಂದು ಪಟ್ಟಣ ಪಂಚಾಯ್ತಿ, 2011ರ ಜನಗಣತಿಲಿ ಪೇಟೆ ಜನಸಂಖ್ಯೆ ಹತ್ತೊಂಬತ್ತು ಸಾವಿರದ ಆಸುಪಾಸು, ಅಷ್ಟೇ. ಕಾರಲ್ಲಿ ಬಂದ್ರೆ ಒಂದು ಸರ್ಕಲ್ಲು, ಬಸ್ ಸ್ಟ್ಯಾಂಡು, ಎರಡು ಕಡೆ ಅಂಗಡಿ, ಆಮೇಲೆ ಉದ್ದಕ್ಕೆ ಒಂದು ಸೇತುವೆ, ಮುಗೀತು. ರೋಡಿಂದ ನೋಡಿದ್ರೆ ಈ ಊರು ಅರ್ಥ ಆಗಲ್ಲ, ಯಾಕಂದ್ರೆ ಊರು ಹುಟ್ಟಿದ್ದು ರೋಡಿಗಲ್ಲ, ಶರಾವತಿಗೆ. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 253 ಮೀಟರ್ ಧುಮುಕಿ, ಸುಮಾರು 128 ಕಿ.ಮೀ. ಹರಿದು ಈ ನದಿ ಸಮುದ್ರ ಸೇರೋದು ಇಲ್ಲೇ. ಘಟ್ಟದ ಮೇಲಿನ ಮೆಣಸು, ಅಡಿಕೆ, ಅಕ್ಕಿ ಎಲ್ಲ ದೋಣೀಲಿ ಇಳಿದು ಬರ್ತಿತ್ತು, ಸಮುದ್ರದಿಂದ ಬಂದಿದ್ದು ಅದೇ ದಾರೀಲಿ ಮೇಲೆ ಹತ್ತುತ್ತಿತ್ತು. ಮುಂದೆ ಹೇಳೋ ರಾಜ, ರಾಣಿ, ಪೋರ್ಚುಗೀಸರ ಜಗಳ ಎಲ್ಲಾ ಈ ಒಂದು ವಿಷಯಕ್ಕೇ.

ಸೇತುವೆ ಹತ್ರ ಗಾಡಿ ಸೈಡಿಗೆ ಹಾಕಿ ದಡದಲ್ಲಿ ನಿಂತ್ಕೊಳ್ಳಿ, ಸೇತುವೆ ಮೇಲೆ ನಿಲ್ಲಿಸಬೇಡಿ, ಲಾರಿಯವ್ರು ಬಿಡಲ್ಲ. ಪೇಟೆ ಇರೋದು ಉತ್ತರ ದಡದಲ್ಲಿ. ಎದುರಿಗೆ ಕಾಣೋ ದಕ್ಷಿಣ ದಡ ಕಾಸರಕೋಡು, ಟೊಂಕ. ಪೂರ್ವಕ್ಕೆ ನೋಡಿದ್ರೆ ಕೊಂಕಣ ರೈಲ್ವೆ ಬ್ರಿಜ್ಜು ಕಾಣುತ್ತೆ, 2 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿನೇ ಉದ್ದ, ಇಡೀ ಕೊಂಕಣ ರೈಲ್ವೆಲಿ ಇದೇ ಅತಿ ಉದ್ದದ ಸೇತುವೆ. ಆ ಕಡೆ ನದಿ ಮಧ್ಯ ತೆಂಗಿನ ಮರ ತುಂಬ್ಕೊಂಡಿರೋ ನೆಲ ಕಾಣುತ್ತಲ್ಲ, ಅದು ಕುರ್ವೆ. ನಮ್ಮ ಕಡೆ ನದಿ ನಡುಗಡ್ಡೆಗೆ ಕುರ್ವೆ ಅಂತಾರೆ, ಮಾವಿನಕುರ್ವೆ, ಪಾವಿನಕುರ್ವೆ ಅಂತ ಊರಿನ ಹೆಸರಲ್ಲೇ ಜಾಗ್ರಫಿ ಇದೆ. ಪಶ್ಚಿಮಕ್ಕೆ ನದಿ ಸಮುದ್ರ ಸೇರೋ ಬಾಯಿ, ಅದು ಅಳವೆ. ಅಳವೇಲಿ ಮರಳು ದಿಬ್ಬ ಒಂದೇ ಕಡೆ ಕೂರಲ್ಲ, ಮಳೆಗಾಲಕ್ಕೊಮ್ಮೆ ಜಾಗ ಬದಲಾಯಿಸುತ್ತೆ, ಬೋಟಿನವ್ರಿಗೆ ದೊಡ್ಡ ತಲೆನೋವು. ಇಷ್ಟು ಹಳೇ ಬಂದರು ಯಾಕೆ ಮಂಗಳೂರಿನ ಥರ ಬೆಳೀಲಿಲ್ಲ ಅಂತ ಯಾರಾದ್ರೂ ಕೇಳಿದ್ರೆ ನಾನು ಮೊದಲು ತೋರಿಸೋದು ಈ ಮರಳನ್ನೇ, ಹಡಗು ದೊಡ್ಡದಾಗ್ತಾ ಹೋಯ್ತು, ಅಳವೆ ಹಂಗೇ ಉಳೀತು.

ಬೋಟ್ ಬುಕ್ ಮಾಡೋ ಮೊದಲು ಭರತ ಯಾವಾಗ ಇಳಿತ ಯಾವಾಗ ಅಂತ ಕೇಳಿ. ಇದನ್ನ ಯಾರೂ ಕೇಳಲ್ಲ. ದಿನಕ್ಕೆ ಎರಡು ಸಲ ನೀರು ಏರುತ್ತೆ, ಎರಡು ಸಲ ಇಳಿಯುತ್ತೆ, ಮಧ್ಯ ಸುಮಾರು ಆರು ಗಂಟೆ, ಮತ್ತೆ ದಿನಾ ಐವತ್ತು ನಿಮಿಷದಷ್ಟು ಮುಂದೆ ಹೋಗ್ತಾ ಇರುತ್ತೆ, ಅದಕ್ಕೆ ಹೋದ ವಾರದ ಟೈಮಿಂಗು ಈ ವಾರಕ್ಕೆ ಬರಲ್ಲ. ನಾನು ಬುದ್ಧಿವಂತನ ಥರ ಒಂದ್ಸಲ ಆಫೀಸಿನ ಆರು ಜನರನ್ನ ಕರ್ಕೊಂಡು ಹೋದೆ, ದೋಣಿಯವ್ರು "ಈಗ ಬೇಡ, ಊಟ ಮಾಡ್ಕಂಡು ಬನ್ನಿ" ಅಂದ್ರೂ ಕೇಳದೆ ಹನ್ನೊಂದು ಗಂಟೆಗೇ ಹೊರಡಿಸಿದೆ, ಕುರ್ವೆ ಬುಡದಲ್ಲಿ ದೋಣಿ ಮರಳಿಗೆ ಕಚ್ಕೊಂಡ್ತು. ಮುಕ್ಕಾಲು ಗಂಟೆ ಬಿಸಿಲಲ್ಲಿ. ಅವ್ರೇನೂ ಬೈಲಿಲ್ಲ, ಕವಳ (ಎಲೆ-ಅಡಿಕೆ) ಹಾಕ್ಕೊಂಡು ಕೂತ್ರು. ಆಮೇಲೆ ಕಾಂಡ್ಲಾ ಗಿಡದ ಬೇರು ತೋರಿಸಿ, "ನೋಡಿ, ಇಲ್ಲಿವರೆಗೆ ಹಸಿ ಇದೆ, ಅಂದ್ರೆ ನೀರು ಇನ್ನೂ ಇಳೀತಾ ಇದೆ, ಬೇರಲ್ಲಿ ಆ ಏಡಿ ಇದ್ಯಲ್ಲ, ಅದು ಮೇಲೆ ಹತ್ತೋಕೆ ಶುರು ಮಾಡಿದ್ರೆ ನೀರು ವಾಪಸ್ ಬರ್ತಿದೆ ಅಂತ" ಅಂದ್ರು. ನಾವು ಏಳು ಜನ ಇಂಜಿನಿಯರುಗಳು ಮುಕ್ಕಾಲು ಗಂಟೆ ಒಂದು ಏಡಿ ನೋಡ್ಕೊಂಡು ಕೂತಿದ್ವಿ. ಹತ್ತಿತು, ದೋಣಿನೂ ಎದ್ದಿತು. ಕಾಂಡ್ಲಾ ಅಂದ್ರೆ ಮ್ಯಾಂಗ್ರೋವು, ಅದರ ನಡುವೆ ಓಡಾಡೋಕೆ ಅರಣ್ಯ ಇಲಾಖೆಯವ್ರು ಮರದ ದಾರಿ ಮಾಡಿದ್ದಾರೆ, ಅಲ್ಲಿ ಇಳಿತದ ಹೊತ್ತಲ್ಲಿ ಹೋದ್ರೆ ಬೇರು ಕಾಣುತ್ತೆ, ಭರತದಲ್ಲಿ ಹೋದ್ರೆ ಬರೀ ಎಲೆ. ಹಂಗಾಗಿ ಇಳಿತಕ್ಕೆ ಕಾಂಡ್ಲಾ, ಭರತಕ್ಕೆ ಬೋಟು, ಇಷ್ಟು ನೆನಪಿಟ್ಕೊಂಡ್ರೆ ಸಾಕು.

ಇನ್ನು ಹಿಸ್ಟರಿ. ಕೋಟೆ ಎಲ್ಲಿ ಅಂತ ಪೇಟೇಲಿ ಹುಡುಕ್ತಾ ಸುತ್ತಬೇಡಿ, ನೋಡೋಕೆ ಹೆಚ್ಚೇನೂ ಉಳಿದಿಲ್ಲ, ಬಿಸಿಲಲ್ಲಿ ಅಲೆದು ಬೇಜಾರಾಗುತ್ತೆ. ನದಿ ನೋಡ್ಕೊಂಡು ಕಥೆ ಕೇಳೋದೇ ಒಳ್ಳೇದು. 14ನೇ ಶತಮಾನದಲ್ಲಿ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ಇಲ್ಲಿಗೆ ಬಂದಿದ್ದ, ಊರಿನ ಹೆಸರನ್ನ ಹಿನವರ್ ಅಂತ ಬರ್ಕೊಂಡಿದ್ದಾನೆ. ಅವನು ಬರೆದ ಒಂದು ವಿಷಯ ಕೇಳಿದ್ರೆ ಎಲ್ಲರೂ ಒಂದು ನಿಮಿಷ ಸುಮ್ನಾಗ್ತಾರೆ, ಊರಲ್ಲಿ ಗಂಡುಮಕ್ಕಳಿಗೆ 23 ಶಾಲೆ, ಹೆಣ್ಣುಮಕ್ಕಳಿಗೆ 13 ಶಾಲೆ ಇದ್ವಂತೆ, ಬೇರೆಲ್ಲೂ ಇಂಥದ್ದು ನೋಡಿಲ್ಲ ಅಂತಾನೆ. ವಿಜಯನಗರದ ಕಾಲದಲ್ಲಿ ಭಟ್ಕಳದ ಜೊತೆ ಇದೂ ಅರಬ್ಬೀ ಕುದುರೆ ಇಳಿಯೋ ಬಂದರು. ಪೋರ್ಚುಗೀಸರು ಬಂದ ಮೇಲೆ ಗಲಾಟೆ ಶುರು, 1505ರಲ್ಲಿ ವೈಸ್‌ರಾಯ್ ಅಲ್ಮೇಡ ಬಂದು ಇಲ್ಲಿನ ಹಡಗುಗಳಿಗೆ ಬೆಂಕಿ ಇಟ್ಟ. ಐದೇ ವರ್ಷಕ್ಕೆ ಸೀನ್ ಉಲ್ಟಾ. 1510ರಲ್ಲಿ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್‌ಗೆ ಗೋವಾ ಹಿಡಿಯೋ ಐಡಿಯಾ ಕೊಟ್ಟು ಜೊತೆಗೆ ಹೋಗಿದ್ದು ಇದೇ ಹೊನ್ನಾವರದ ತಿಮ್ಮೋಜ, ಪೋರ್ಚುಗೀಸರ ಬರಹದಲ್ಲಿ ತಿಮೋಜ. ಕಡಲ್ಗಳ್ಳ ಅಂತ ಕೆಲವ್ರು, ನೌಕಾ ನಾಯಕ ಅಂತ ಕೆಲವ್ರು, ನನ್ನ ಕೇಳಿದ್ರೆ ಆ ಕಾಲಕ್ಕೆ ಎರಡರ ನಡುವೆ ಅಂಥ ವ್ಯತ್ಯಾಸ ಇರಲಿಲ್ಲ. ಗೋವಾಕ್ಕೆ ಟ್ರಿಪ್ ಹೋಗೋ ದಾರೀಲಿ ಇಲ್ಲಿ ಟೀ ಕುಡಿಯೋರಿಗೆ ಇದನ್ನ ಹೇಳಿ ನೋಡಿ, ಮಜಾ ಇರುತ್ತೆ.

ಆಮೇಲೆ ಬರೋದು ಮೇನ್ ಕ್ಯಾರೆಕ್ಟರ್, ಚೆನ್ನಭೈರಾದೇವಿ. 1552ರಿಂದ 1606ರವರೆಗೆ, ಅಂದ್ರೆ 54 ವರ್ಷ ಆಳಿದ ಜೈನ ರಾಣಿ. ರಾಜಧಾನಿ ಹೊನ್ನಾವರ ಅಲ್ಲ, ನದಿ ಮೇಲಿನ ಗೇರುಸೊಪ್ಪ. ಅಲ್ಲಿ ಕೂತ್ರೆ ಘಟ್ಟದ ಮೆಣಸು ಕೈಯಲ್ಲಿ, ಕೆಳಗೆ ಬಂದರು ಕಾಲಬುಡದಲ್ಲಿ. ಪೋರ್ಚುಗೀಸರು ಇವಳಿಗೆ ಮೆಣಸಿನ ರಾಣಿ ಅಂತ ಹೆಸರಿಟ್ರು. ಪ್ರೀತಿಯಿಂದೇನಲ್ಲ, ಮೆಣಸು ಬೇಕಂದ್ರೆ ಇವಳ ಮುಂದೆ ನಿಲ್ಲಬೇಕಿತ್ತು. 1569ರಲ್ಲಿ ಅವ್ರು ಹೊನ್ನಾವರ ಹಿಡಿದು ಕೋಟೆ ಮಾಡ್ಕೊಂಡ್ರು, ಆದ್ರೂ ಮೆಣಸು ಮೇಲಿಂದಲೇ ಬರಬೇಕಲ್ಲ. ಕೊನೆಗೆ ಇವಳನ್ನ ಸೋಲಿಸಿದ್ದು ಪೋರ್ಚುಗೀಸರಲ್ಲ, ಪಕ್ಕದ ಕೆಳದಿ ವೆಂಕಟಪ್ಪ ನಾಯಕ, ಸೆರೇಲಿ ತೀರಿಕೊಂಡ್ಲು ಅಂತಾರೆ. ಅದಾಗಿ 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಅನ್ನೋ ಇಟಲಿಯವನು ಇದೇ ವೆಂಕಟಪ್ಪನ ಆಸ್ಥಾನಕ್ಕೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿ ಜೊತೆ ಹೊನ್ನಾವರದಲ್ಲಿ ಇಳಿದು, ದೋಣೀಲಿ ಗೇರುಸೊಪ್ಪಕ್ಕೆ ಹೋಗಿ ಅಲ್ಲಿಂದ ಘಟ್ಟ ಹತ್ತಿದ. ನದಿ ದಾರೀನ ಬಾಯ್ತುಂಬ ಹೊಗಳಿದ್ದಾನೆ. ಗೇರುಸೊಪ್ಪ ಆಗಲೇ ಹಾಳು ಬಿದ್ದು ಕಾಡು ಬೆಳೆದಿತ್ತು, ಸೋತು ಇಪ್ಪತ್ತು ವರ್ಷಾನೂ ಆಗಿರಲಿಲ್ಲ. ರಾಣಿ ಬಗ್ಗೆ ಒಂದು ಲವ್ ಸ್ಟೋರಿನೂ ಬರೆದಿದ್ದಾನೆ, ಅದನ್ನ ನಾನು ಗಾಸಿಪ್ ಲೆಕ್ಕಕ್ಕೆ ಹಾಕ್ತೀನಿ, 54 ವರ್ಷ ಆಳಿದ ಗಂಡಸಿನ ಬಗ್ಗೆ ಯಾರೂ ಹಿಂಗೆ ಬರೆಯಲ್ಲ.

ಎರಡನೇ ದಿನ ನೀವು ಮಾಡಬೇಕಾಗಿದ್ದೂ ಈ ಇಟಲಿಯವನ ರೂಟೇ. ಈಗ ದೋಣೀಲಿ ಅಲ್ಲ, ಹಳೆ 206ನೇ ನಂಬರಿನ ತುಮಕೂರು ಹೈವೇ ಹಿಡ್ಕೊಂಡು. ಬೆಳಿಗ್ಗೆ ಏಳಕ್ಕೆ ಬಿಡಿ. ಎಡಕ್ಕೂ ಬಲಕ್ಕೂ ತೋಟ, ಚಿರೆಕಲ್ಲಿನ ಪಾಗಾರ, ಮಧ್ಯ ಮಧ್ಯ ನದಿ ಇಣುಕುತ್ತೆ. ನದೀಲೇ ಹೈಗುಂದ ಅಂತ ಒಂದು ನಡುಗಡ್ಡೆ ಇದೆ, ಹವ್ಯಕರು ಮೊದಲು ಬಂದು ನೆಲೆಸಿದ್ದು ಅಲ್ಲೇ ಅಂತ ಪ್ರತೀತಿ, ಹವ್ಯಕರ ಹೆಸರೇ ಹೈವ ಅನ್ನೋ ನಾಡಿಂದ ಬಂದಿದ್ದು ಅಂತ ನಮ್ಮಜ್ಜ ಊಟಕ್ಕೆ ಕೂತಾಗೆಲ್ಲ ಹೇಳೋರು. ಗೇರುಸೊಪ್ಪ ತಲುಪಿದ ಮೇಲೆ ಬಸ್ತಿಕೇರಿ ಅಂತ ಕೇಳಿ, ನದಿ ದಾಟಿ ಕಾಡೊಳಗೆ ಹೋಗಬೇಕು. ಅಲ್ಲಿ ಚತುರ್ಮುಖ ಬಸದಿ ಇದೆ. ನಾಲ್ಕು ದಿಕ್ಕಿಗೂ ಬಾಗಿಲು, ನಾಲ್ಕು ಬಾಗಿಲಿಗೂ ಒಬ್ಬೊಬ್ಬ ತೀರ್ಥಂಕರ, ಯಾವ ಕಡೆಯಿಂದ ಒಳಗೆ ಹೋದ್ರೂ ಒಬ್ಬರು ನಿಮ್ಮನ್ನೇ ನೋಡ್ತಾ ಕೂತಿರ್ತಾರೆ. ಸುತ್ತ ಒಂದು ರಾಜಧಾನಿ ಇತ್ತು ಅಂತ ನಂಬೋದೇ ಕಷ್ಟ, ಜೀರುಂಡೆ ಸದ್ದು ಬಿಟ್ರೆ ಏನಿಲ್ಲ. ಮಳೆಗಾಲ ಮುಗಿದ ತಕ್ಷಣ ಹೋದ್ರೆ ಉಂಬಳ (ಜಿಗಣೆ) ಇರುತ್ತೆ, ಸಾಕ್ಸಿಗೆ ಸುಣ್ಣ-ತಂಬಾಕು ಸವರಿಕೊಳ್ಳಿ, ಶಾರ್ಟ್ಸ್ ಹಾಕ್ಕೊಂಡು ಬಂದು ನನಗೆ ಬೈಬೇಡಿ. ಟೈಮ್ ಇದ್ರೆ ಘಟ್ಟ ಹತ್ತಿ ಜೋಗಕ್ಕೂ ಹೋಗಿ ಬರಬಹುದು.

ಉಳಿದ ಹಿಸ್ಟರಿ ಬೇಗ ಮುಗಿಸ್ತೀನಿ. ಪೋರ್ಚುಗೀಸರ ಕೈಯಿಂದ ಕೆಳದಿಯವರಿಗೆ, 1763ರಲ್ಲಿ ಹೈದರಾಲಿಗೆ. 1783ರ ಜನವರೀಲಿ ಬ್ರಿಟಿಷರ ಜನರಲ್ ಮ್ಯಾಥ್ಯೂಸ್ ಕೋಟೆ ಹಿಡಿದ, ಆಮೇಲೆ ಕ್ಯಾಪ್ಟನ್ ಟೊರಿಯಾನೊ ಅನ್ನೋನು ಟಿಪ್ಪು ಸೈನ್ಯದ ಮುತ್ತಿಗೇಲಿ 1784ರ ಮಂಗಳೂರು ಒಪ್ಪಂದದ ತನಕ ಒಳಗೇ ಕೂತಿದ್ದ. 1799ಕ್ಕೆ ಬ್ರಿಟಿಷರು. 1862ರಲ್ಲಿ ಉತ್ತರ ಕನ್ನಡವನ್ನ ಮದ್ರಾಸಿಂದ ಕಿತ್ತು ಬಾಂಬೆಗೆ ಸೇರಿಸಿದ್ರು, ನಮ್ಮ ಕಡೆ ಹಳಬರು ಉಡುಪಿ ಮಂಗಳೂರಿಗಿಂತ ಹುಬ್ಬಳ್ಳಿ ಮುಂಬೈ ಕಡೆ ಜಾಸ್ತಿ ಮುಖ ಮಾಡೋದಕ್ಕೆ ಅದೂ ಒಂದು ಕಾರಣ. ಸಮುದ್ರದಲ್ಲಿ ಬಸವರಾಜದುರ್ಗ ಅಂತ ಕೆಳದಿಯವರ ಕೋಟೆ ಇರೋ ದ್ವೀಪ ಇದೆ, ದಡದಿಂದಲೇ ಚಪ್ಪಟೆ ಗುಡ್ಡದ ಥರ ಕಾಣುತ್ತೆ. ಸಮುದ್ರ ಶಾಂತ ಇರೋ ತಿಂಗಳಲ್ಲಿ ಮಾತ್ರ, ಮೀನುಗಾರರನ್ನ ಕೇಳಿಕೊಂಡು, ಲೈಫ್ ಜಾಕೆಟ್ ಇದ್ರೆ ಮಾತ್ರ ಹೋಗಿ. ಅವ್ರು ಬೇಡ ಅಂದ್ರೆ ಬೇಡ, ಚೌಕಾಸಿ ಮಾಡಬೇಡಿ.

ಜನ. ಇದು ಗೈಡ್ ಬುಕ್ಕಲ್ಲಿ ಸಿಗಲ್ಲ, ಆದ್ರೆ ಇದೇ ಸುಲಭ. ಸಮುದ್ರದಿಂದ ಘಟ್ಟದ ಕಡೆ ಹೋಗ್ತಾ ಭಾಷೆ ಕೇಳ್ಕೊಂಡು ಹೋಗಿ. ದಡದಲ್ಲಿ ಖಾರ್ವಿ ಮೀನುಗಾರರ ಕೊಂಕಣಿ, ಬಂದರ ಕಡೆ ಮುಸ್ಲಿಂ ಮೀನುಗಾರರ ಮಾತು, ಚರ್ಚ್ ಹತ್ರ ಕ್ರಿಶ್ಚಿಯನ್ನರ ಕೊಂಕಣಿ, ಪೇಟೆ ಅಂಗಡೀಲಿ ಕಾಮತ್-ಪೈಗಳ ಕೊಂಕಣಿ, ಇದು ಮೂರೂ ಒಂದೇ ಕೊಂಕಣಿ ಅಲ್ಲ ಮತ್ತೆ. ಸ್ವಲ್ಪ ಒಳಗೆ ನಾಮಧಾರಿ ನಾಯ್ಕರು, ಅಂಬಿಗರು, ಹಾಲಕ್ಕಿ ಒಕ್ಕಲಿಗರು, ಹಾಲಕ್ಕಿಗಳ ಸುಗ್ಗಿ ಕುಣಿತ ನೋಡಬೇಕಂದ್ರೆ ಹೋಳಿ ಹುಣ್ಣಿಮೆ ಟೈಮಿಗೆ ಬನ್ನಿ. ತೋಟದ ಸಾಲು ಶುರುವಾದಲ್ಲಿ ಹವಿಗನ್ನಡ. ಅಲ್ಲಿ ಮನೆಗೆ ಹೋದ್ರೆ ಮೊದಲನೇ ಪ್ರಶ್ನೆ "ಆಸ್ರಿಗೆ ಎಂತ?", ಕುಡಿಯೋಕೆ ಏನು ಅಂತ. ಬೇಡ ಅಂತ ಮಾತ್ರ ಹೇಳಬೇಡಿ, ಯಾಕಂದ್ರೆ ಬೇಡ ಅಂದ್ರೂ ಬರುತ್ತೆ. ಮತ್ತೆ ಈ ಕಡೆ "ಅಡ್ಡಿಲ್ಲ" ಅಂದ್ರೆ ಪರವಾಗಿಲ್ಲ ಅಂತಲೂ ಹೌದು, ಚೆನ್ನಾಗಿದೆ ಅಂತಲೂ ಹೌದು, ನಿಮ್ಮ ಅಡುಗೆಗೆ ಯಾರಾದ್ರೂ "ಅಡ್ಡಿಲ್ಲ" ಅಂದ್ರೆ ಫುಲ್ ಮಾರ್ಕ್ಸ್ ಅಂತ ತಿಳ್ಕೊಳ್ಳಿ.

ಕಾಸರಕೋಡಿನ ಇಕೋ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ ಬೀಚಿಗೆ ಕೊಡೋ ಇಂಟರ್‌ನ್ಯಾಷನಲ್ ಸರ್ಟಿಫಿಕೇಟು) ಸಿಕ್ತು, ಕ್ಲೀನ್ ಇದೆ, ಮಕ್ಕಳಿದ್ರೆ ಅಲ್ಲಿಗೇ ಹೋಗಿ. ನನಗಿಷ್ಟ ಅದರ ಪಕ್ಕದ ಟೊಂಕ. ಅಲ್ಲಿ ಬೀಚ್ ಅನ್ನೋದು ಒಣಮೀನಿನ ಅಂಗಳ. ಹೆಂಗಸರು ಬೆಳಿಗ್ಗೆನೇ ಮರಳ ಮೇಲೆ ಬಲೆ ಹಾಸಿ ಮೀನು ಹರಡ್ತಾರೆ, ಕಾಗೆ ಕಾಯೋಕೆ ಒಬ್ಬಜ್ಜಿ ಕೋಲು ಹಿಡ್ಕೊಂಡು ಕೂತಿರ್ತಾಳೆ, ಮಧ್ಯಾಹ್ನ ಎಲ್ಲ ಮೀನನ್ನ ಒಂದೊಂದಾಗಿ ಮಗುಚಬೇಕು. ಅಲ್ಲೇ ಆಲಿವ್ ರಿಡ್ಲಿ ಆಮೆಗಳೂ ಮೊಟ್ಟೆ ಇಡೋಕೆ ಬರ್ತವೆ. ಬಂದರು ಕಟ್ಟೋ ಯೋಜನೆ ಬಗ್ಗೆ ಇಲ್ಲಿನ ಮೀನುಗಾರರು ವರ್ಷಗಟ್ಟಲೆ ಹೋರಾಟ ಮಾಡ್ತಿದ್ದಾರೆ, ಕ್ಯಾಮೆರಾ ಎತ್ತೋ ಮೊದಲು ಒಂದು ಮಾತು ಕೇಳಿ, ಸರ್ವೆಗೆ ಬಂದೋರು ಅನ್ಕೊಂಡ್ರೆ ಮಾತೇ ಆಡಲ್ಲ, ಅವ್ರದ್ದು ತಪ್ಪಿಲ್ಲ.

ಊಟಕ್ಕೆ ಬಂದ್ರೆ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್ ಮೀನುಗಾರಿಕೆ ಬಂದ್, ಆಗ ಬಂದು ಫ್ರೆಶ್ ಅಂಜಲ್ ಮೀನು ಬೇಕು ಅಂದ್ರೆ ಸಿಗೋದು ಐಸಿಂದು. ಆಗ ಹೊಳೆ ಮೀನು ಕೇಳಿ. ನೊಗ್ಲಿ ಫ್ರೈ, ಶೆಟ್ಲಿ ಸುಕ್ಕಾ ಅಂತ ಕೇಳಿದ್ರೆ ಹೋಟೆಲಿನವ್ರು ನಿಮ್ಮನ್ನ ಲೋಕಲ್ ಅನ್ಕೊಳ್ತಾರೆ, ಅದನ್ನೇ ಕಾಣೆ, ಸಿಗಡಿ ಅಂದ್ರೆ ಟೂರಿಸ್ಟು. ಬಳಚು ಅಂದ್ರೆ ಚಿಪ್ಪಿನ ಮೀನು, ಅದು ಹೆಚ್ಚಾಗಿ ಪಕ್ಕದ ಕುಮಟಾದ ಅಘನಾಶಿನಿದು. ಶರಾವತೀಲಿ ಯಾಕಿಲ್ಲ ಅಂತ ಕೇಳಿದ್ರೆ ಉತ್ತರ ಮತ್ತೆ ನದೀಲೇ ಇದೆ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಪವರ್ ಹೌಸಿಂದ ಬೇಸಿಗೇಲೂ ಸಿಹಿನೀರು ಬಿಡ್ತಾನೇ ಇರ್ತಾರೆ, ಅಳವೆ ಹತ್ರ ಉಪ್ಪಿನಂಶ ಬೇಕಾದಷ್ಟು ಏರಲ್ಲ, ಬಳಚಿಗೆ ಉಪ್ಪು ಬೇಕು. ಅಣೆಕಟ್ಟಿಲ್ಲದ ಅಘನಾಶಿನಿ ಜೊತೆ ಹೋಲಿಸಿ ಐಐಎಸ್ಸಿಯವ್ರು ಸ್ಟಡಿ ಮಾಡಿದ್ದಾರೆ. ಅಂದ್ರೆ ಬೆಂಗಳೂರಲ್ಲಿ ನಿಮ್ಮ ಫ್ಯಾನ್ ತಿರುಗೋದಕ್ಕೂ ಹೊನ್ನಾವರದ ಹೋಟೆಲಲ್ಲಿ ಬಳಚು ಇಲ್ಲದೇ ಇರೋದಕ್ಕೂ ಕನೆಕ್ಷನ್ ಇದೆ. ವೆಜ್‌ನವ್ರಿಗೆ ಅಪ್ಪೆಹುಳಿ (ಮಾವಿನಕಾಯಿ ಸಾರು), ಮಿಡಿ ಉಪ್ಪಿನಕಾಯಿ, ತೊಡದೇವು ಅನ್ನೋ ತೆಳ್ಳನೆ ಸಿಹಿ. ತೊಡದೇವು ಮಾಡೋದು ನೋಡೋಕೆ ಸಿಕ್ರೆ ಬಿಡಬೇಡಿ, ಬೋರಲು ಹಾಕಿದ ಮಡಕೆ ಬೆನ್ನಿಗೆ ಹಿಟ್ಟು ಸವರಿ ಪೇಪರ್ ಥರ ಎಬ್ಬಿಸ್ತಾರೆ, ಎರಡು ಸೆಕೆಂಡ್ ಲೇಟಾದ್ರೆ ಮಡಿಸೋಕೆ ಬರಲ್ಲ, ಮುರಿಯುತ್ತೆ.

ರಾತ್ರಿ ಆಟ ಇದೆಯಾ ಅಂತ ಕೇಳಿ. ಆಟ ಅಂದ್ರೆ ಯಕ್ಷಗಾನ, ಕ್ರಿಕೆಟ್ ಅಲ್ಲ. ನವೆಂಬರ್ ನಂತರ ಮಳೆ ಶುರುವಾಗೋ ತನಕ ಸೀಸನ್. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆ ಇಡಗುಂಜಿ ಮಹಾಗಣಪತಿ ಹೆಸರಲ್ಲಿ ಕಟ್ಟಿದ ಮೇಳ ಗುಣವಂತೇಲಿ ಇನ್ನೂ ನಡೀತಾ ಇದೆ, ಮಗ ಶಂಭು ಹೆಗಡೆ, ಆಮೇಲೆ ಮೊಮ್ಮಗ ಅಂತ. 2012ರಲ್ಲಿ ಪದ್ಮಶ್ರೀ ಬಂದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರೂ ಇದೇ ತಾಲೂಕಿನವ್ರು. ಕೆರೆಮನೆ ದೊಡ್ಡದಾ ಚಿಟ್ಟಾಣಿ ದೊಡ್ಡದಾ ಅಂತ ಟೀ ಅಂಗಡೀಲಿ ಒಂದ್ಸಲ ಕೇಳಿಬಿಡಿ, ನಿಮ್ಮ ಸಂಜೆ ಅಲ್ಲೇ ಕಳೆಯುತ್ತೆ, ನೀವು ಮಾತಾಡೋ ಅಗತ್ಯವೇ ಇಲ್ಲ. ಇಡಗುಂಜಿ ಗಣಪತಿಗೆ ಹಗಲಲ್ಲೇ ಹೋಗಿ ಬನ್ನಿ, ಎರಡೇ ಕೈಯ ನಿಂತ ಗಣಪ, ಪ್ರಸಾದಕ್ಕೆ ಪಂಚಕಜ್ಜಾಯ.

ವಾಪಸ್ ಹೊರಡೋವಾಗ ತರೋಕೆ ಎರಡೇ ಐಟಂ. ಒಂದು ಹೊನ್ನಾವರದ ಎಲೆ, ವೀಳ್ಯದೆಲೆ, ಉತ್ತರ ಭಾರತಕ್ಕೆಲ್ಲ ಹೋಗುತ್ತೆ, ಒಂದು ಕಾಲದಲ್ಲಿ ಪಾಕಿಸ್ತಾನಕ್ಕೂ ಹೋಗ್ತಿತ್ತು. ಒದ್ದೆ ಬಾಳೆಎಲೇಲಿ ಸುತ್ತಿಸಿಕೊಂಡ್ರೆ ನಾಲ್ಕೈದು ದಿನ ತಾಜಾ ಇರುತ್ತೆ. ಇನ್ನೊಂದು ಟೊಂಕದ ಒಣಮೀನು. ಅದನ್ನ ಸ್ಟೀಲ್ ಡಬ್ಬಿಗೆ ಹಾಕಿ, ಡಬ್ಬಿಗೆ ಟೇಪ್ ಸುತ್ತಿ, ಅದನ್ನ ಪ್ಲಾಸ್ಟಿಕ್ ಕವರಲ್ಲಿ ಹಾಕಿ, ಆ ಕವರನ್ನ ಚೀಲದ ತಳಕ್ಕೆ ಹಾಕಿ. ನಾನೊಮ್ಮೆ ಬರೀ ಪೇಪರಲ್ಲಿ ಸುತ್ಕೊಂಡು ರಾತ್ರಿ ರೈಲಲ್ಲಿ ಎಸಿ ಬೋಗಿ ಹತ್ತಿದ್ದೆ, ಕುಂದಾಪುರ ಬರೋದ್ರೊಳಗೆ ಇಡೀ ಬೋಗಿ ಎದ್ದು ಕೂತು ಎಲ್ಲಿಂದ ವಾಸನೆ ಅಂತ ಹುಡುಕ್ತಾ ಇತ್ತು, ನಾನೂ ಎದ್ದು ಅವ್ರ ಜೊತೆ ಹುಡುಕಿದೆ.